ನಡುಕಕ್ಕೆ ಹಾಸಿದ ಕಂಬಳಿ

ಹೊಲಿಗೆ ಮಿಷನ್ ರಿಪೇರಿ ಮಾಡುವ ನನಗೆ ರಾಯದುರ್ಗದಲ್ಲಿ ಒಂದು ಜಂಬವಿತ್ತು. ಮಿಷನ್ನಿನ ಮೈ ಬಿಚ್ಚದೆ, ಬರೀ ಕಿವಿಗೊಟ್ಟು ಅದರ ರೋಗ ಹೇಳಬಲ್ಲೆ ಎಂದು. ಜೀನ್ಸ್ ಹೊಲಿಯುವ ಮನೆಗಳಲ್ಲೆಲ್ಲ ಈ ಮಾತನ್ನು ನಾನೇ ಹೇಳಿಕೊಂಡು ತಿರುಗಿದ್ದೆ. ಬೇರೆಯವರು ಹೊಗಳಲಿ ಎಂದು ಕಾಯುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ಐವತ್ತು ದಾಟಿದ ಮೇಲೆ ಎಡಗಿವಿ ಮಂದವಾಯಿತು, ಬಲಗಿವಿಯೂ ಅದರ ಹಿಂದೆಯೇ ಹೊರಟಿತು. ಮೂವತ್ತು ವರ್ಷ ಮೋಟಾರುಗಳ ಪಕ್ಕ ಕೂತವನಿಗೆ ಇನ್ನೇನಾಗುತ್ತದೆ? ಹೆಂಡತಿಯನ್ನು ಬಿಟ್ಟು ಯಾರಿಗೂ ಹೇಳಲಿಲ್ಲ.

ಎರಡು ವರ್ಷದ ಹಿಂದೆ, ನಾನು ಖಾಯಂ ಆಗಿ ಹೋಗುತ್ತಿದ್ದ ಒಂದು ಹೊಲಿಗೆ ಘಟಕಕ್ಕೆ ಗಂಡಾಂತರ ಬಂತು. ಕಿರಾಣಿ ಅಂಗಡಿಯವರೊಬ್ಬರ ಮನೆಯ ಮಹಡಿಯಲ್ಲಿ ಹನ್ನೆರಡು ಮಿಷನ್ ಹಾಕಿ ಹೆಂಗಸೊಬ್ಬರು ಅದನ್ನು ನಡೆಸುತ್ತಿದ್ದರು. ಎಲ್ಲರಿಗೂ ಅವರು ಅಕ್ಕ, ವಯಸ್ಸಿನಲ್ಲಿ ದೊಡ್ಡವನಾದ ನನಗೂ ಅಕ್ಕ. ಕೆಳಗೆ ಮನೆ ಮಾಲೀಕರ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬಾಣಂತಿ ಕೋಣೆ ಸರಿಯಾಗಿ ಮಿಷನ್ ಸಾಲಿನ ಕೆಳಗೇ ಇತ್ತು, ತೊಟ್ಟಿಲನ್ನು ಸೂರಿನ ಕೊಂಡಿಗೇ ಕಟ್ಟಿದ್ದರು. ಮಾಲೀಕರು ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ತೊಟ್ಟಿಲ ಸರಪಳಿ ತೋರಿಸಿದರು. ಅದಕ್ಕೆ ಕಟ್ಟಿದ್ದ ಗೆಜ್ಜೆಗಳು ಯಾರೂ ಮುಟ್ಟದೆ ನಡುಗುತ್ತಿದ್ದವು.

“ನೋಡ್ರಿ ಮೇಸ್ತ್ರಿ. ಗಾಳಿ ಇಲ್ಲ, ಏನಿಲ್ಲ, ತಾನಾಗೇ ಘಲ್ ಘಲ್ ಅಂತಾವ. ಕೂಸು ಒಂದ್ ಗಳಿಗಿ ಮಲಗವಲ್ದು. ನಾನೇನ್ ಕೆಟ್ಟಾವಲ್ರಿ, ಆದ್ರ ಬಾಣಂತಿ ಮನಿ. ಇದು ನಿಲ್ಲಲಿಲ್ಲಂದ್ರ ಅಕ್ಕಾರು ಬ್ಯಾರೆ ಮನಿ ನೋಡ್ಕೊಬೇಕು. ಕೇಳಿಸ್ತಿಲ್ರಿ?”

“ಕೇಳುಸ್ತೈತೆ ಬುಡಿ” ಎಂದೆ. ನಿಜವಾಗಿ ಗೆಜ್ಜೆ ನಡುಗುವುದು ಕಂಡಿತ್ತೇ ಹೊರತು ಸದ್ದು ಕೇಳಿಸಿರಲಿಲ್ಲ.

ನಡುಕ ನಿಲ್ಲಿಸುವ ವಿದ್ಯೆ ನನಗೆ ಮಡಕಶಿರದಲ್ಲೇ ಅಪ್ಪನಿಂದ ಬಂದದ್ದು. ಅಪ್ಪನದು ಹಿಟ್ಟಿನ ಗಿರಣಿ. ಅಗಳಿ ಕಡೆಯಿಂದ ಜನ ರಾಗಿ ಹೊತ್ತು ತರುತ್ತಿದ್ದರು. ಗಿರಣಿ ಎಂಜಿನ್ ಶುರುವಾದರೆ ಪಕ್ಕದ ಮನೆಯ ಗೂಡಿನಿಂದ ಪಾತ್ರೆಗಳು ಒಂದೊಂದಾಗಿ ಕೆಳಗೆ ಬೀಳುತ್ತಿದ್ದವು, ಆ ಮನೆಯಾಕೆ ಬಿದ್ದ ಪಾತ್ರೆಯನ್ನೇ ಎತ್ತಿಕೊಂಡು ಜಗಳಕ್ಕೆ ಬರುತ್ತಿದ್ದಳು. ಅಪ್ಪ ಎಂಜಿನ್ ಕೂರಿಸಿದ್ದ ಕಲ್ಲಿನ ಸುತ್ತ ಗುಂಡಿ ತೋಡಿ ಮರಳು ತುಂಬಿದ, ಕಲ್ಲಿನ ಅಡಿಗೆ ಹಳೇ ಟೈರಿನ ತುಂಡು ಕೊಟ್ಟ. “ಏಟು ಹಾಕಿ ನಿಲ್ಸಕ್ಕಾಗಲ್ಲ ಕಣ್ಲಾ. ಅದು ಹೋಗೋ ದಾರೀಲಿ ಮೆತ್ತಗಿರೋದೇನಾರ ಇಡು, ಅಲ್ಲೇ ಸುಸ್ತಾಗಿ ಮಲಗ್ತೈತೆ” ಎಂದಿದ್ದ. ಕರೆಂಟು ಬೇಡ, ತಿರುಗುವ ಚಕ್ರ ಬೇಡ, ಸುಮ್ಮನೆ ಬಿದ್ದಿರುವ ವಸ್ತುವೇ ಕೆಲಸ ಮಾಡುತ್ತದೆ. ಪಾತ್ರೆ ಬೀಳುವುದು ನಿಂತಿತು. ಪಕ್ಕದ ಮನೆಯಾಕೆ ಆಮೇಲೆ ನನ್ನ ಮದುವೆಗೂ ಬಂದು ಉಂಡುಹೋದಳು.

ಅದೇ ಧೈರ್ಯದಲ್ಲಿ ಒಂದು ಭಾನುವಾರ ಮಹಡಿಯಲ್ಲಿ ಕೆಲಸ ಹಿಡಿದೆ. ಪ್ರತಿ ಟೇಬಲ್ಲಿನ ನಾಲ್ಕು ಕಾಲಿಗೂ ಲಾರಿ ಟೈರಿನ ತುಂಡು ಕೊಟ್ಟೆ. ಗುಮ್ಮಘಟ್ಟದ ಕುರಿಗಾರರಿಂದ ತಂದ ಹಳೇ ಕಂಬಳಿ ಕತ್ತರಿಸಿ, ಮಡಚಿ, ಮಿಷನ್ನಿಗೂ ಟೇಬಲ್ ಹಲಗೆಗೂ ನಡುವೆ ಇಟ್ಟೆ. ಜೀನ್ಸ್ ಚೂರಿನಲ್ಲೇ ಚೀಲ ಹೊಲಿಸಿ, ಹಗರಿ ಹೊಳೆಯ ಮರಳು ತುಂಬಿಸಿ, ಟೇಬಲ್ಲಿನ ಕೆಳಪಟ್ಟಿಯ ಮೇಲೆ ಒಂದೊಂದು ಹೇರಿದೆ. ಸೋಮವಾರ ಎಲ್ಲ ಮಿಷನ್ ಒಟ್ಟಿಗೇ ಓಡಿಸಿ ಕೆಳಗೆ ಹೋಗಿ ನೋಡಿದರೆ ಗೆಜ್ಜೆಗಳು ಅಲುಗದೆ ನೇತಾಡುತ್ತಿದ್ದವು. ಕೂಸು ಬಾಯಿ ತೆರೆದು ಮಲಗಿತ್ತು. ಮಾಲೀಕರು ಖುಷಿಗೆ ತೆಲುಗಿನಲ್ಲೇ “ಬಾಗುಂದಿ, ಬಾಗುಂದಿ! ಮಡಕಶಿರದೋರ್ ತಲಿನ ತಲಿ ಬಿಡ್ರಿ” ಎಂದು ಅಂಟಿನ ಉಂಡೆ ಕೊಟ್ಟರು. ನನಗೆ ತಲೆಯ ಮೇಲೆ ಎರಡು ಕೊಂಬು ಮೂಡಿದ ಹಾಗಾಯಿತು.

ಮಹಡಿಯಲ್ಲಿ ಹೊಲಿಯುತ್ತಿದ್ದ ಹನ್ನೆರಡು ಮಂದಿಯಲ್ಲಿ ಒಬ್ಬಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಮೂವತ್ತೈದರ ಆಸುಪಾಸು, ಗುಮ್ಮಘಟ್ಟದ ಕಡೆಯಿಂದ ದಿನಾ ಷೇರ್ ಆಟೋದಲ್ಲಿ ಬರುತ್ತಿದ್ದಳು. ಪ್ಯಾಂಟಿನ ಹಿಂದಿನ ಜೇಬು ಕೂರಿಸುವ ಕೆಲಸ ಅವಳದು. ಜೇಬಿನ ಮೂಲೆಯಲ್ಲಿ ಬಟ್ಟೆ ನಾಲ್ಕೈದು ಪದರ ಸೇರುತ್ತದೆ, ಅಲ್ಲಿ ಸೂಜಿ ಮುರಿಯದಂತೆ ತಿರುಗಿಸಲು ಕೈ ಪಳಗಿರಬೇಕು. ಆ ಸೀಟಿಗಾಗಿ ಎಷ್ಟೋ ಮಂದಿ ಕಾದಿದ್ದರು. ಹತ್ತು ವರ್ಷದಿಂದ ಅವಳು ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಚಪ್ಪಲಿ ಬಿಟ್ಟು, ಬರಿಗಾಲು ಪೆಡಲಿನ ಮೇಲೆ, ಮೊಣಕೈ ಟೇಬಲ್ಲಿಗೆ ಒತ್ತಿ, ತಲೆ ಬಗ್ಗಿಸಿದಳೆಂದರೆ ಊಟದ ಹೊತ್ತಿಗೇ ಎತ್ತುತ್ತಿದ್ದದ್ದು.

ಆ ವಾರದಿಂದ ಅವಳ ಕೆಲಸ ಕೆಡತೊಡಗಿತು. ದಿನಕ್ಕೆ ಎರಡು ಮೂರು ಸೂಜಿ ಮುರಿದವು. ಅಡಿಯ ದಾರದ ಬಾಬಿನ್ ಖಾಲಿಯಾದರೂ ಹೊಲಿಯುತ್ತಲೇ ಹೋಗುತ್ತಿದ್ದಳು. ಅಡಿದಾರ ಇಲ್ಲದ ಹೊಲಿಗೆ ನೋಡಲು ಚೆನ್ನಾಗಿಯೇ ಇರುತ್ತದೆ, ಎಳೆದರೆ ಕಿತ್ತುಬರುತ್ತದೆ. ಅಕ್ಕ ನನ್ನನ್ನು ಕರೆಸಿದರು. ನಾನು ಅವಳ ಪಕ್ಕದಲ್ಲೇ ನಿಂತು, ಎಂದಿನಂತೆ ಕಣ್ಣು ಅರೆಮುಚ್ಚಿ, ವೈದ್ಯರು ನಾಡಿ ಹಿಡಿದ ಗತ್ತಿನಲ್ಲಿ ಕೇಳುವವನಂತೆ ಮಾಡಿದೆ. ಅವಳು ಒಂದು ಜೇಬು ಪೂರ್ತಿ ಹೊಲಿದಳು. ಅಕ್ಕ ಅದನ್ನು ತೆಗೆದುಕೊಂಡು ಮೂಲೆ ಹಿಡಿದು ಎಳೆದರು. ಕಾವಲಿಯಿಂದ ದೋಸೆ ಎದ್ದಂತೆ ಜೇಬು ಎದ್ದು ಕೈಗೆ ಬಂತು.

“ಮಿಷನ್ ಸರಿಯಾಗೈತೆ ಅಕ್ಕ. ಕೈ ಸರಿ ಇಲ್ಲ” ಎಂದುಬಿಟ್ಟೆ. ಸಾಲದ್ದಕ್ಕೆ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದೂ ಸೇರಿಸಿದೆ. ಅವಳು ಪಾಪ ಏನನ್ನೂ ಅಂದಿರಲಿಲ್ಲ. ನಮ್ಮಿಬ್ಬರ ತುಟಿಗಳನ್ನೇ ನೋಡುತ್ತಿದ್ದಳು.

ಅಕ್ಕನಿಗೂ ಬೇಜಾರಿತ್ತು. “ಹತ್ ವರ್ಷದಾಗ ಒಂದಿನಾ ಹಿಂಗ್ ಮಾಡಿದಾಕಿ ಅಲ್ರಿ. ಏನ್ ಮಾಡ್ಲಿ? ಮಾಲು ವಾಪಸ್ ಬರಾಕತ್ತೈತಿ. ಸೋಮವಾರದಿಂದ ಆ ಸೀಟಿಗೆ ಬ್ಯಾರೆಯಾಕಿನ್ನ ಕುಂದ್ರಸ್ತೀನಿ. ಈಕಿ ದಾರ ಕತ್ತರಿಸ್ಕೊಂತ ಇರ್ಲಿ.” ದಾರ ಕತ್ತರಿಸುವುದೆಂದರೆ ನೆಲದ ಮೇಲೆ ಕೂತು, ಬೇರೆಯವರು ಹೊಲಿದದ್ದರ ತುದಿ ಕತ್ತರಿಸುವುದು, ಹೊಸದಾಗಿ ಸೇರಿದವರ ಕೆಲಸ. ಅಕ್ಕ ಕೈಸನ್ನೆಯಲ್ಲಿ ಅದನ್ನು ತಿಳಿಸಿದಾಗ ಅವಳು ಅಳಲಿಲ್ಲ. ಮಿಷನ್ನಿನ ಮೇಲೆ ಎರಡೂ ಕೈ ಇಟ್ಟುಕೊಂಡು ಹಾಗೇ ಕೂತಳು.

ಶನಿವಾರ ನಾನು ಹೋದಾಗ ಅವಳು ಟೇಬಲ್ ಕೆಳಗೆ ಕೂತು, ನಾನಿಟ್ಟಿದ್ದ ಕಂಬಳಿ ಮಡಿಕೆಗಳನ್ನು ಕಿತ್ತು ಹಾಕುತ್ತಿದ್ದಳು. ಮರಳು ಚೀಲ ಆಗಲೇ ಗೋಡೆಯ ಪಕ್ಕ ಬಿದ್ದಿತ್ತು. ನನಗೆ ಪಿತ್ತ ನೆತ್ತಿಗೇರಿತು. “ಏಯ್! ಏನಮ್ಮ ನೀನು ಮಾಡ್ತಿರೋದು? ಕೆಳಗೆ ಕೂಸು ಮಲಗೈತೆ ಕಣಮ್ಮ, ಗೊತ್ತಾಗಲ್ವ?” ಎಂದು ಕೂಗಾಡಿದೆ.

ಪಕ್ಕದ ಮಿಷನ್ನಿನವಳು ನಕ್ಕಳು. “ಅಕೀಗ ಕೇಳಲ್ರಿ ಮೇಸ್ತ್ರಿ. ಯಾಕ ಗಂಟ್ಲು ಹರ್ಕೊಂತೀರಿ?”

ಅವಳು ಎದ್ದು ಬಂದವಳೇ ನನ್ನ ಕೈ ಹಿಡಿದು ಎಳೆದಳು. ಮೆಟ್ಟಿಲ ಹತ್ತಿರ ಒಂದು ಹೆಚ್ಚುವರಿ ಮಿಷನ್ ಇತ್ತು, ದಿನಾ ಓಡುವುದಲ್ಲವೆಂದು ಅದಕ್ಕೆ ನಾನು ಏನೂ ಹಾಸಿರಲಿಲ್ಲ. ಅದರ ಮುಂದೆ ಕೂತು ಎರಡು ಚೂರು ಬಟ್ಟೆಯನ್ನು ಉಂಡೆ ಮಾಡಿ, ಕಿವಿಗೆ ಇಟ್ಟುಕೋ ಎಂದು ಸನ್ನೆ ಮಾಡಿದಳು. ಇಟ್ಟುಕೊಂಡೆ. ನನ್ನ ಅಂಗೈಯನ್ನು ಟೇಬಲ್ ಮೇಲೆ ಒತ್ತಿ, ಕಣ್ಣು ಮುಚ್ಚು ಎಂದಳು. ಮುಚ್ಚಿದೆ. ಮಿಷನ್ ಓಡಿತು. ಅಂಗೈಯಲ್ಲಿ ಒಂದೇ ಸಮನೆ ದಟ್ಟವಾದ ಅದುರು. ನಿಲ್ಲಿಸಿ, ಏನೋ ಮಾಡಿ, ಮತ್ತೆ ಓಡಿಸಿದಳು. ಅದುರು ಬೇರೆಯಾಗಿತ್ತು, ಟೊಳ್ಳಾಗಿತ್ತು, ಒಳಗೆ ಏನನ್ನೋ ಕಳೆದುಕೊಂಡಂತಿತ್ತು. ಕಣ್ಣು ಬಿಟ್ಟೆ. ಅವಳ ಕೈಯಲ್ಲಿ ಬಾಬಿನ್ ಇತ್ತು.

ಆಮೇಲೆ ನನ್ನನ್ನು ಅವಳ ಸೀಟಿಗೆ ಕರೆತಂದಳು. ಕಿತ್ತ ಕಂಬಳಿಯನ್ನು ತಾನೇ ಮೊದಲಿದ್ದ ಹಾಗೆ ಇಟ್ಟು, ಚೀಲ ಹೇರಿ, ನನ್ನ ಕೈಯನ್ನು ಟೇಬಲ್ಲಿಗೆ ಒತ್ತಿದಳು. ಬಾಬಿನ್ ಹಾಕಿ ಓಡಿಸಿದಳು, ತೆಗೆದು ಓಡಿಸಿದಳು. ಎರಡೂ ಸಲ ಸತ್ತ ಹಲಗೆ.

ಅಯ್ಯೋ ದೇವರೇ! ಹತ್ತು ವರ್ಷ ಅವಳು ಕೇಳಿದ್ದು ಮೊಣಕೈಯಲ್ಲಿ, ಅಂಗಾಲಲ್ಲಿ. ಬಾಬಿನ್ ಮುಗಿದದ್ದು, ಸೂಜಿ ಮೊಂಡಾದದ್ದು, ಮೂಲೆಯ ದಪ್ಪ ಬಂದದ್ದು, ಎಲ್ಲ ಅವಳಿಗೆ ಹಲಗೆಯೇ ಹೇಳುತ್ತಿತ್ತು. ನಾನು ಕಂಬಳಿ ತುರುಕಿ ಅದರ ಬಾಯಿ ಮುಚ್ಚಿದ್ದೆ. ನೆಲವನ್ನು ಡೊಂಕು ಮಾಡಿದವನು ನಾನು, ಕುಣಿಯಲು ಬರದು ಎನ್ನಿಸಿಕೊಂಡವಳು ಅವಳು. ನನಗೆ ನಾಚಿಕೆಯಾಯಿತು, ಅಳುವೂ ಬಂತು, ಅವಳ ಮುಂದೆ ಅಳದೆ ಮೂಗು ಒರೆಸಿಕೊಂಡೆ.

ಅಪ್ಪನ ಮಾತನ್ನು ಸರಿಯಾಗಿ ಯೋಚಿಸಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ. ನಡುಕವನ್ನು ಅದು ಹೋಗುವ ದಾರಿಯಲ್ಲಿ ತಡೆಯಬೇಕಿತ್ತು, ಹುಟ್ಟುವ ಜಾಗದಲ್ಲೇ ಅಲ್ಲ. ಟೇಬಲ್ ಅದುರಲಿ, ನೆಲ ಅದುರದಿದ್ದರಾಯಿತು. ಅವಳ ಟೇಬಲ್ಲಿನ ಕಂಬಳಿ, ಚೀಲ ಎರಡೂ ತೆಗೆದು ಕಾಲಿನಡಿಯ ಟೈರನ್ನು ಎರಡು ಪದರ ಮಾಡಿದೆ. ಕೆಳಗೆ ಹೋಗಿ ನೋಡಿದರೆ ಗೆಜ್ಜೆ ಇನ್ನೂ ಸಣ್ಣಗೆ ಅಲುಗುತ್ತಿತ್ತು. ಗೆಜ್ಜೆ ಅಲುಗಿದರೆ ಕಂಬಳಿ ಮತ್ತೆ ಹಾಸಬೇಕು, ಸೋಮವಾರ ಅವಳು ನೆಲದ ಮೇಲೆ.

ಕೋಣೆಯ ನಡುವೆ ಸೂರು ಹೆಚ್ಚು ಕುಣಿಯುತ್ತದೆ, ಗೋಡೆಯ ನೆತ್ತಿಯ ಮೇಲೆ ಕುಣಿಯದು. ಮಹಡಿಯಲ್ಲಿ ಕೆಳಮನೆಯ ಗೋಡೆಯ ಮೇಲೆ ಬರುವ ಜಾಗವೆಂದರೆ ಕಿಟಕಿ ಪಕ್ಕದ ಮೂಲೆ. ಅಲ್ಲಿ ಅಕ್ಕನ ಮೇಜು, ಕುರ್ಚಿ, ಇದ್ದ ಒಂದೇ ಒಳ್ಳೆಯ ಫ್ಯಾನು. ಆ ಮೂಲೆಯನ್ನು ಅವಳ ಮಿಷನ್ನಿಗೆ ಬಿಟ್ಟುಕೊಡಿ ಎಂದು ಹಿಂಜರಿಯುತ್ತ ಕೇಳಿದೆ.

ಅಕ್ಕ ಸೊಂಟದ ಮೇಲೆ ಕೈಯಿಟ್ಟರು. “ಅಲ್ರಿ, ನಾಕ್ ದಿನದ ಹಿಂದ ಕೈ ಸರಿ ಇಲ್ಲಂದ್ರಿ. ಈಗ ನನ್ ಜಾಗಾನ ಕೊಡು ಅಂತೀರಿ. ಏನಾತು ನಿಮ್ಗ?”

ಅಂಗೈಯಲ್ಲಿ ತಿಳಿದದ್ದನ್ನೆಲ್ಲ ಹೇಳಿದೆ. “ತಪ್ಪು ನಂದು ಅಕ್ಕ. ಆವತ್ತು ಆಯಮ್ಮ ಖಾಲಿ ಬಾಬಿನ್ನಲ್ಲಿ ಜೇಬು ಹೊಲಿದಾಗ ನಾನೂ ಪಕ್ಕದಲ್ಲೇ ನಿಂತಿದ್ದೆ. ಬಾಬಿನ್ ಮುಗಿದ್ರೆ ಸದ್ದು ಬದಲಾಗ್ತೈತೆ, ನಿಮಗೂ ಗೊತ್ತು. ನನಗೆ ಕೇಳುಸ್ಲಿಲ್ಲ. ಎಡಗಿವಿ ಪೂರಾ ಹೋಗೈತೆ. ಬಲಗಿವಿ ಅರ್ಧ.”

ಮಿಷನ್ನುಗಳು ಒಂದೊಂದಾಗಿ ನಿಂತವು. ಅಕ್ಕ ನನ್ನನ್ನೇ ನೋಡಿದರು.

“ಮತ್ತ ಇಷ್ಟ್ ದಿನ ಹೆಂಗ್ ರಿಪೇರಿ ಮಾಡಿದ್ರಿ?”

“ಅಂದಾಜಿನ ಮೇಲೆ.”

ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ನಗಲಿಲ್ಲ. “ಹೇಳ್ಬೇಕಿಲ್ರಿ?” ಎಂದು ಮೆಲ್ಲಗೆ ಹೇಳಿದರು, ಅದು ಅವರ ತುಟಿಯ ಮೇಲೆ ಕಂಡಿತು. ಆಮೇಲೆ ಸೆರಗು ಸಿಕ್ಕಿಸಿಕೊಂಡು ತಮ್ಮ ಮೇಜಿನ ಒಂದು ತುದಿ ತಾವೇ ಹಿಡಿದರು.

ಮೂಲೆಗೆ ಬಂದ ಮೇಲೆ ಗೆಜ್ಜೆ ನಿಂತಿತು. ಸೋಮವಾರ ಅವಳು ಫ್ಯಾನಿನ ಕೆಳಗೆ, ತನ್ನ ಸೀಟಿನಲ್ಲೇ ಇದ್ದಳು. ಕಿವಿ ಕೇಳದವಳಲ್ಲಿ ಕ್ಷಮೆ ಕೇಳುವುದು ಹೇಗೆಂದು ತಿಳಿಯದೆ ನಾನು ಹಿಂದೆ ನಿಂತೆ. ಕೊನೆಗೆ ಅಂಗೈಯನ್ನು ಅವಳ ಟೇಬಲ್ಲಿನ ತುದಿಗೆ ಇಟ್ಟೆ. ಕೈ ಬಿದ್ದದ್ದು ಹಲಗೆಯಲ್ಲೇ ಗೊತ್ತಾಗಿರಬೇಕು, ತಿರುಗದೆ ತಲೆಯಾಡಿಸಿ ಹೊಲಿಯುತ್ತಲೇ ಹೋದಳು. ಮೂರು ಜೇಬಾಯಿತು, ನಾಲ್ಕಾಯಿತು. ಐದನೆಯದರ ನಡುವೆ ಅದುರು ಟೊಳ್ಳಾಯಿತು. ನಾನು ಬೆರಳೆತ್ತುವುದಕ್ಕೂ ಅವಳು ಪೆಡಲಿನಿಂದ ಕಾಲೆತ್ತುವುದಕ್ಕೂ ಸರಿಹೋಯಿತು. ಅವಳು ತಿರುಗಿ ನನ್ನ ಬೆರಳು ನೋಡಿ, ಬಾಯಿ ತುಂಬ ನಕ್ಕಳು. ನಾನು ಡಬ್ಬಿಯಿಂದ ತುಂಬಿದ ಬಾಬಿನ್ ಒಂದನ್ನು ತೆಗೆದು ಅವಳ ಕೈಗೆ ಕೊಟ್ಟೆ.