ಅತ್ತೆಯ ಹೊಸತು, ಮಾರ್ಗರೆಟ್ಟಳ ಊರಿನ ಬ್ರೆಡ್ಡು

ಊರಿಂದ ಬಂದ ಪೆಟ್ಟಿಗೆಯನ್ನು ಈಗಷ್ಟೇ ತೆರೆದೆ ನೋಡಿ, ಒಣಸಿಗಡಿಯ ವಾಸನೆ ಕುವೈತಿನ ಮಂಗಫಿನಲ್ಲಿರುವ ನಮ್ಮ ಫ್ಲ್ಯಾಟನ್ನೆಲ್ಲ ತುಂಬಿತು. ಮಕ್ಕಳು ಮೂಗು ಹಿಡಿದು "ಮಮ್ಮಿ, ವಿಂಡೋ!" ಎಂದು ಕೂಗುತ್ತಿದ್ದಾರೆ. ನನಗೋ ತಡೆಯಲಾರದ ನಗು. ಯಾಕೆಂದು ಹೇಳುತ್ತೇನೆ, ಕೇಳಿ.

ವರ್ಷಗಳ ಹಿಂದೆ ನಾವು ಇದೇ ಕುವೈತಿನ ಸಲ್ವಾದಲ್ಲಿದ್ದೆವು. ಮೇಲಿನ ಮನೆಯಲ್ಲಿ ಮಾರ್ಗರೆಟ್, ಇಂಗ್ಲೆಂಡಿನ ಟೀಚರಮ್ಮ. ಅವಳ ಊರೆಂದರೆ ಒಂದು ಚರ್ಚು, ಒಂದು ಕೆರೆ, ಒಂದು ಕಲ್ಲಿನ ಸೇತುವೆ, ಅಷ್ಟೇ. ಅದರ ಬಗೆಗಿನ ಮಾತು ಮಾತ್ರ ಮುಗಿಯುತ್ತಿರಲಿಲ್ಲ. ನಮ್ಮಲ್ಲಿಗೆ ಬಂದಿದ್ದ ಅತ್ತೆಗೆ ಇಂಗ್ಲಿಷ್ ಬಾರದು, ಅವಳಿಗೆ ಕೊಂಕಣಿ ಬಾರದು. ನಡುವೆ ದುಭಾಷಿ ನಾನು, ಎರಡೂ ಕಡೆಗೆ ಒಂದಿಷ್ಟು ಉಪ್ಪುಖಾರ ಸೇರಿಸಿಯೇ ಬಡಿಸುತ್ತಿದ್ದೆ.

"ಅವಳ ಚರ್ಚಿಗೆ ಎಂಟುನೂರು ವರ್ಷ ಆಯ್ತಂತೆ, ಮಾಂಯ್," ಎನ್ನುತ್ತಿದ್ದೆ ಅತ್ತೆಗೆ.

"ಇರ್ಲಿ ಮಾರಾಯ್ತಿ. ಅಲ್ಲಿ ಮೊಂತಿ ಹಬ್ಬ ಉಂಟಾ, ಕೇಳು."

ಮೊಂತಿ ಹಬ್ಬವೆಂದರೆ ಮಾತೆ ಮರಿಯಳ ಹುಟ್ಟುಹಬ್ಬ, ನಮ್ಮ ತೆನೆಹಬ್ಬವೂ ಹೌದು. ಹೊಸ ಭತ್ತದ ಕಾಳನ್ನು ತೆಂಗಿನಹಾಲಿಗೆ ಹಾಕಿ ಮನೆಯ ಹಿರಿಯರು ಎಲ್ಲರಿಗೂ ಹಂಚಬೇಕು, ಇದೇ ಹೊಸತು. ಆಮೇಲೆಯೇ ಊಟ. ಅಂದು ಮೀನು, ಮಾಂಸ ಮುಟ್ಟುವಂತಿಲ್ಲ. ಅತ್ತೆ ಒಂದು ವರ್ಷವೂ ಹೊಸತು ಉಣ್ಣದೆ ಬಿಟ್ಟವರಲ್ಲ. ಕುವೈತಿನಲ್ಲಿ ಗದ್ದೆ ಎಲ್ಲಿಂದ ಬರಬೇಕು? ಊರಿಂದ ಬರುವ ಮೈದುನ ವಿಲ್ಲಿಗೆ ತೆನೆ ತರಲು ಹೇಳಿದ್ದೆವು. ಪುಣ್ಯಾತ್ಮ ಹಬ್ಬದ ದಿನವೇ ತಂದ. ಕಾಳು ಉದುರಬಾರದೆಂದು ತೆನೆಯನ್ನು ಒಣಸಿಗಡಿಯ ಪೊಟ್ಟಣದೊಳಗೆ ಜೋಪಾನವಾಗಿ ಹುದುಗಿಸಿ ತಂದ!

"ಎಂಥ ಮಂಡೆ ಮಾರಾಯ ನಿಂದು!" ಅತ್ತೆ ತೆನೆಯನ್ನು ಮೂಸಿ ದೂರ ಇಟ್ಟರು. "ಇದನ್ನು ದೇವರ ಮುಂದೆ ಇಡ್ಲಿಕ್ಕಾಗುದಿಲ್ಲ. ನೀವು ಊಟ ಮಾಡಿ. ನಂಗೆ ಬೇಡ."

ಎಲೆಯಲ್ಲಿ ಪಲ್ಯಗಳು ತಣ್ಣಗಾಗುತ್ತಿದ್ದವು. ಅತ್ತೆಯ ಕಣ್ಣು ತುಂಬಿತ್ತು.

ಅಷ್ಟರಲ್ಲಿ ನಾವು ಊಟಕ್ಕೆ ಕರೆದಿದ್ದ ಮಾರ್ಗರೆಟ್ ಬಂದಳು. ಕೈಯಲ್ಲಿ ದೊಡ್ಡ ತಟ್ಟೆ, ಅದರಲ್ಲಿ ಗೋಧಿ ತೆನೆಗಳ ಒಂದು ಕಟ್ಟು. ನೋಡಿದರೆ ಅಷ್ಟೂ ಬ್ರೆಡ್ಡು! ಹಿಟ್ಟಿನ ಮೇಲೆ ಕತ್ತರಿಯಾಡಿಸಿ ಒಂದೊಂದು ಕಾಳನ್ನೂ ಎಬ್ಬಿಸಿದ್ದಳು. ಮೇಲೊಂದು ಹಿಟ್ಟಿನ ಇಲಿ ಬೇರೆ. ಅವರೂರಲ್ಲಿ ಸುಗ್ಗಿ ಮುಗಿದ ಮೇಲೆ ಚರ್ಚಿನಲ್ಲಿ ಇಂಥದೇ ಬ್ರೆಡ್ಡು ಇಡುತ್ತಾರಂತೆ, ಅಜ್ಜಿ ಕಲಿಸಿದ್ದಂತೆ.

"ಇಲಿ ಎಂತಕ್ಕೆ ಕೇಳು," ಎಂದರು ಅತ್ತೆ.

ಕೇಳಿದೆ. ಗದ್ದೆಯಲ್ಲಿ ಅದಕ್ಕೂ ಒಂದು ಪಾಲು ಇದೆಯಲ್ಲ, ಎಂದಳು ಮಾರ್ಗರೆಟ್. ಅಂದು ಮಾತ್ರ ನಾನು ಇದ್ದದ್ದನ್ನು ಇದ್ದಂತೆಯೇ ಹೇಳಿದೆ.

ಅತ್ತೆ ಹೊಟ್ಟೆ ಹಿಡಿದು ನಕ್ಕರು. "ಇವಳು ಬೇಸಾಯದ ಮನೆಯವಳೇ! ನಮ್ಮಲ್ಲಿಯೂ ಹೊಸತು ಮೊದ್ಲು ತಿನ್ನುದು ಇಲಿಯೇ ಅಲ್ವಾ? ತೆಂಗಿನಹಾಲು ತಾ."

ಬ್ರೆಡ್ಡಿನ ತೆನೆ ಮುರಿದು ಹಾಲಿಗೆ ಹಾಕಿ, ಶಿಲುಬೆಯ ಗುರುತು ಮಾಡಿ, ಮೊದಲ ಬಟ್ಟಲನ್ನು ಮಾರ್ಗರೆಟ್ಟಿಗೇ ಕೊಟ್ಟರು. ವಿಲ್ಲಿಗೆ ಕಟ್ಟಕಡೆಯದು. ಅಂಥ ಹಬ್ಬದೂಟ ನಾನು ಮತ್ತೆ ಉಂಡಿಲ್ಲ.

ಅತ್ತೆ ಈಗಿಲ್ಲ. ಮಾರ್ಗರೆಟ್ ತನ್ನೂರು ಸೇರಿ ವರ್ಷಗಳಾದವು. ಮನಸ್ಸು ತಡೆಯದೆ ಈಗ ಫೋನು ಮಾಡಿದೆ. ಊರು ಸೇರಿದ ವರ್ಷ ಅವಳು ಶುರುಮಾಡಿದ್ದು, ಈಗ ಅವಳ ಚರ್ಚಿನಲ್ಲಿ ಸುಗ್ಗಿಯ ಬ್ರೆಡ್ಡನ್ನು ಪ್ರತಿವರ್ಷ ತೆಂಗಿನಹಾಲಿಗೆ ಹಾಕಿ ಹಂಚುತ್ತಾರಂತೆ, ಮೊದಲ ಬಟ್ಟಲು ಹೊರಗಿನಿಂದ ಬಂದವರಿಗೆ. ಹೊಸ ಪಾದ್ರಿ ಇದು ಯಾವ ಕಾಲದ ಪದ್ಧತಿಯೆಂದು ಕೇಳಿದರೆ, "ನಮ್ಮ ಅಜ್ಜಂದಿರ ಕಾಲದ್ದು" ಎಂದರಂತೆ ಊರ ಮುದುಕರು!

"ನೀನೇನು ಹೇಳಿದೆ?" ಎಂದೆ.

"ಹೌದು ಅಂದೆ," ಎಂದಳು.

ನಗುತ್ತ ನಗುತ್ತ ಕಣ್ಣು ಒದ್ದೆಯಾಯಿತು. ಕೇಳಿಸಿತಾ ಮಾಂಯ್? ಒಂದೇ ಒಂದು ಸಲ ಕುವೈತಿಗೆ ಬಂದು, ನೀವು ಇಂಗ್ಲೆಂಡಿನ ಹಳ್ಳಿಯೊಂದಕ್ಕೆ ಮುತ್ತಜ್ಜಿಯಾಗಿಬಿಟ್ಟಿರಿ!