ರೈಲಿಗೆ ಬಿಟ್ಟ ಜಾಗ

ಹೋದ ವಾರ ನಾದಿನಿಯ ಮನೆಗೆಂದು ಬೆಂಗಳೂರಿಗೆ ಹೋಗಿದ್ದೆ. ನೆಲದಡಿ ಓಡುವ ಮೆಟ್ರೊದಲ್ಲಿ ಕೂತಿದ್ದಾಗ, ತೊಡೆಯ ಮೇಲಿದ್ದ ಚೀಲದಿಂದ ಸೊಗಡು ಅವರೆಯ ವಾಸನೆ ಘಮ್ಮೆಂದು ಬಂತು. ಎದುರಿನವರೆಲ್ಲ ನನ್ನನ್ನೇ ನೋಡಿದರು. ನನಗೆ ಮಾತ್ರ ನಮ್ಮೂರು ಕಟ್ಟೆಮಳಲವಾಡಿಯ ಹೊಲ ಕಾಣುತ್ತಿತ್ತು... ಆ ಹೊಲದ ದೊಡ್ಡವ್ವ ಕಾಣುತ್ತಿದ್ದಳು.

ನಮ್ಮ ಹೊಲಕ್ಕೂ ಅವಳ ಹೊಲಕ್ಕೂ ನಡುವೆ ಒಂದೇ ಬದು. ನಾನು ಚಿಕ್ಕವಳಿದ್ದಾಗ, ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣದ ಕಡೆಗೆ ರೈಲು ದಾರಿ ಬರುತ್ತದೆಂದು ಅಳತೆಯವರು ಬಂದು ಎರಡು ಸಾಲು ಕಲ್ಲು ನೆಟ್ಟು ಹೋದರು. ಪರಿಹಾರ ಹೆಚ್ಚು ಸಿಗಲಿ ಎಂದು ಊರವರೆಲ್ಲ ಆ ಕಲ್ಲುಗಳ ನಡುವೆಯೇ ತೆಂಗಿನ ಸಸಿ ಇಟ್ಟರು. ದೊಡ್ಡವ್ವ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಅವರೆ ಬಿತ್ತಿದಳು. ನಮ್ಮಪ್ಪ ತಲೆ ಚಚ್ಚಿಕೊಂಡರು.

"ಅವರೆ ಕುಯ್ದ್ರೆ ಇನ್ನೊಂದ್ಸಲ ಬೆಳೀತದೆ ಕಣಪ್ಪ. ತೆಂಗು ಕಡುದ್ರೆ ಒಟ್ಟೆ ಉರೀತದೆ. ಬರೋ ರೈಲಿಗ್ಯಾಕೆ ಆ ಸಾಪ?" ಎಂದಿದ್ದಳು.

ಅಳತೆಯವರು ಆಮೇಲೂ ಬಂದರು, ಅವಳ ಮಜ್ಜಿಗೆ ಕುಡಿದರು, ಹೋದರು... ರೈಲು ಬರಲಿಲ್ಲ. ಪಕ್ಕದವರ ತೆಂಗು ಫಲ ಕೊಟ್ಟಿತು. "ನಿನ್ ರೈಲು ಎಲ್ಲಿಗಂಟ ಬಂತು ದೊಡ್ಡವ್ವ?" ಎಂದು ಹಾದಿಹೋಕರೆಲ್ಲ ರೇಗಿಸುತ್ತಿದ್ದರು. ಅವಳಿಗಿದ್ದದ್ದು ಒಂದೇ ಆಸೆ, ತನ್ನ ಹೊಲದ ಮೇಲೆ ಹಾಯುವ ರೈಲಿನಲ್ಲಿ ಕೂತು ಮೈಸೂರಿಗೆ ಹೋಗುವುದು.

ಅವಳ ಮಂಡಿ ಸೋತ ಮೇಲೆ ನನಗೆ ತಡೆಯಲಾಗಲಿಲ್ಲ. ಒಂದು ಸಲವಾದರೂ ರೈಲು ಹತ್ತಲಿ ಎಂದು ಕೆ.ಆರ್. ನಗರದ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ರೈಲು ಬಂದು ನಿಂತಿತು. ದೊಡ್ಡವ್ವ ಬೋಗಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಹತ್ತಲಿಲ್ಲ.

"ಇದು ಈ ಊರೋರ್ ರೈಲು ಕಣವ್ವ. ನಮ್ದು ಬರ್ಲಿ ಬುಡು, ಅತ್ತೀನಿ."

ರೈಲು ಹೊರಟುಹೋಯಿತು. ಆಗ ನನಗೆ ಸಿಟ್ಟೇ ಬಂದಿತ್ತು. ಈಗ ಅನ್ನಿಸುತ್ತದೆ, ಕಣ್ಣಿಗೆ ಕಾಣದ ಒಂದು ರೈಲನ್ನು ಇಷ್ಟು ಮರ್ಯಾದೆಯಿಂದ ಕಾದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಅವಳು ತೀರಿಕೊಂಡು ವರ್ಷಗಳೇ ಆದವು. ಬೆಂಗಳೂರಿನಲ್ಲಿ ಜಾಗವೇ ಇಲ್ಲದೆ ಮನೆಗಳ ಕೆಳಗೆ ಸುರಂಗ ಕೊರೆದು ರೈಲು ಓಡಿಸುತ್ತಿದ್ದಾರೆ. ಬಯಲಲ್ಲಿ ಜಾಗ ಬಿಟ್ಟುಕೊಂಡು ಕೂತವಳಿಗೆ ಅದು ಬರಲೇ ಇಲ್ಲವಲ್ಲ ಎಂದು ಸಂಕಟವಾಯಿತು. ನನ್ನ ಚೀಲದಲ್ಲಿದ್ದದ್ದು ಅದೇ ಕಲ್ಲುಗಳ ನಡುವಿನ ಅವರೆ. ಹೊರಡುವ ದಿನ ಅವಳ ಸೊಸೆ ಕಿತ್ತು ತಂದುಕೊಟ್ಟಿದ್ದಳು. ಇನ್ನಾದರೂ ಅಲ್ಲಿ ನಾಲ್ಕು ತೆಂಗು ಇಡಬಾರದೇ ಎಂದಿದ್ದೆ.

"ಅತ್ತೆ ರೈಲಿಗೆ ಅಂತ ಬುಟ್ಟೋಗವ್ರೆ," ಎಂದಳು. "ನಾನ್ಯಾಕವ್ವ ಅಡ್ಡ ನೆಡ್ಲಿ?"