ಉಪ್ಪಿನ ಮರಿಗೆಯ ಮುಚ್ಚಳ

ಉಪ್ಪು ಲೋಹವನ್ನು ತಿನ್ನುತ್ತದೆಂಬುದು ಕರಾವಳಿಯಲ್ಲಿ ಯಾರಿಗೂ ಹೊಸ ವಿಷಯವಲ್ಲ. ಹಾಗಿದ್ದೂ ಬಸ್ರೂರಿನ ನಮ್ಮ ಅಡುಗೆಮನೆಯ ಉಪ್ಪಿನ ಮರಿಗೆಯ ಮೇಲೆ, ಯಾರೋ ಮದುವೆಗೆ ಉಡುಗೊರೆ ಕೊಟ್ಟ ತಟ್ಟೆಯೊಂದು ಬಹುಕಾಲ ಮುಚ್ಚಳದ ಹುದ್ದೆಯಲ್ಲಿತ್ತು. ಅದರಲ್ಲಿ ಕೊರೆದಿದ್ದ ಹೆಸರಿನ ಅರ್ಧವನ್ನು ಉಪ್ಪು ಆಗಲೇ ತಿಂದಿತ್ತು. ಮರದ ಮರಿಗೆಗೆ ಮರದ್ದೇ ಮುಚ್ಚಳ ಬೇಕೆಂದು ನನ್ನ ಹೆಂಡತಿ ಗಿರಿಜೆ ಕೇಳುತ್ತಲೇ ಇದ್ದಳು. ಗಂಡ ಹಿತ್ತಲ ಕೊಟ್ಟಿಗೆಯಲ್ಲಿ ದಿನವಿಡೀ ಮರ ಕಡೆಯುತ್ತಿರುವಾಗ ಇದು ಅತಿಯಾಸೆಯೆಂದು, ಓದುಗರೇ, ನೀವೂ ಹೇಳಲಾರಿರಿ.

ಲೇತಿನಲ್ಲಿ ತಿರುಗುವ ತುಂಡಿಗೆ ಉಳಿ ಹಿಡಿದು ದುಂಡಗೆ ಮಾಡುವ ಈ ಕೆಲಸವನ್ನು ನಾನು ಹಿಡಿದದ್ದು ಬರೀ ಸಂತೋಷಕ್ಕೆ. ಹತ್ತನೆಯ ತರಗತಿ ಮುಗಿಸಿ ಹಂಚಿನ ಕಾರ್ಖಾನೆ ಸೇರಿದವನು. ಒಂದೇ ಅಚ್ಚಿನ ಹಂಚುಗಳನ್ನು ನೋಡುತ್ತಲೇ ನಿವೃತ್ತನಾದೆ. ಇನ್ನಾದರೂ ಒಂದರಂತೆ ಇನ್ನೊಂದಿಲ್ಲದ ವಸ್ತು ಮಾಡೋಣವೆಂದು, ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವವರು ಬಿಟ್ಟ ಮರದ ತುಂಡುಗಳನ್ನು ತಂದು ಬುಗುರಿ, ಬಟ್ಟಲು, ಕುಂಕುಮದ ಡಬ್ಬಿ ಮಾಡಿ ಕಂಡಕಂಡವರಿಗೆ ಕೊಟ್ಟೆ. ಆದರೆ ಕೈಗೆ ಕಾರ್ಖಾನೆಯ ಚಾಳಿ ಅಂಟಿತ್ತು. ಎಷ್ಟೇ ಮನಬಂದಂತೆ ಕಡೆದರೂ ಡಬ್ಬಿಗಳು ಒಂದೇ ಬಸಿರಿನಿಂದ ಬಂದಂತೆ ಕಾಣುತ್ತಿದ್ದವು.

ಅವನ್ನು ಬೈಂದೂರಿನ ಹೆದ್ದಾರಿ ಬದಿಯ ಅಂಗಡಿಯ ಸುಧಾಕರ ನೋಡಿದ. ಮಾರಲು ಕೇಳಿದ, ಕೊಟ್ಟೆ. ಕೆಲವೇ ದಿನಗಳಲ್ಲಿ ಫೋನು ಬಂತು.

"ಎಲ್ಲಾ ಒಂದೇ ನಮೂನಿ ಇತ್ತಲೆ, ಮಾವ. ಗಿರಾಕಿಗಳ್ ಮಿಷನಿಂದ್ ಅಂತ್ರ್. ಕೈಯಂಗೆ ಮಾಡಿದ್ದ್ ಅಂದ್ರೆ ಒಂಚೂರ್ ಐಬ್ ಇರ್ಕ್."

ಅಂದಿನಿಂದ ಪ್ರತಿ ಡಬ್ಬಿ ಮುಗಿದ ಮೇಲೂ ಉಳಿಯ ಮೂಲೆಯಿಂದ ಒಂದು ಪೆಟ್ಟು ಹಾಕತೊಡಗಿದೆ. ಡಬ್ಬಿ ಕಡೆಯುವುದಕ್ಕಿಂತ, ಆ ಪೆಟ್ಟು ಅಕಸ್ಮಾತ್ತಾಗಿ ಬಿದ್ದಂತೆ ಕಾಣಿಸುವುದೇ ಕಷ್ಟದ ವಿದ್ಯೆ. ಡಬ್ಬಿಗಳು ಅಂಗಡಿಯಲ್ಲಿ ನಿಲ್ಲದೆ ಮಾರಿಹೋದವು. ಗಿರಿಜೆಯ ಮುಚ್ಚಳಕ್ಕೆಂದು ಎತ್ತಿಟ್ಟ ಹಲಸಿನ ತುಂಡೂ ಡಬ್ಬಿಯಾಗಿ ಬೈಂದೂರಿನ ಬಸ್ಸು ಹತ್ತಿತು.

ಒಮ್ಮೆ ನಾನು ಅಂಗಡಿಯಲ್ಲಿದ್ದಾಗಲೇ ಪರವೂರಿನ ಹೆಂಗಸೊಬ್ಬರು ಆ ಪೆಟ್ಟನ್ನು ಬೆರಳಿನಿಂದ ಸವರಿ ಇದೇನೆಂದು ಕೇಳಿದರು. "ಅಜ್ಜರ ಕೈ ನಡುಗ್ತ್ ಅಮ್ಮ," ಎಂದ ಸುಧಾಕರ, ನನ್ನತ್ತ ನೋಡದೆ. ಅವರು ನನ್ನತ್ತ ನೋಡಿದರು. ನಾನು ಕೈಯನ್ನು ಸ್ವಲ್ಪ ನಡುಗಿಸಿದೆ. ಇದೊಂದನ್ನು ಹೇಳಲಿಕ್ಕಾಗಿಯೇ ಇಷ್ಟು ಹೊತ್ತು ನಿಮ್ಮನ್ನು ಸುತ್ತಾಡಿಸಿದ್ದು.

ಮನೆಗೆ ಬಂದು ಲೇತಿನ ಮುಂದೆ ನಿಂತರೆ, ಉಳಿ ಮರಕ್ಕೆ ತಾಗುವ ಮೊದಲೇ ಪೆಟ್ಟಿನ ಜಾಗ ಹುಡುಕುತ್ತಿದ್ದೆ. ಬುಗುರಿ ಮಾಡಿದಾಗಿನ ಖುಷಿ ಎಲ್ಲಿಯೂ ಇರಲಿಲ್ಲ. ಡಬ್ಬಿಗಳನ್ನು ಬದಿಗಿಟ್ಟು ಮುಚ್ಚಳಕ್ಕೆ ಕೂತೆ. ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರುವ ಮುಚ್ಚಳವೊಂದನ್ನು ಕಡೆದು ಗಿರಿಜೆಗೆ ಕೊಟ್ಟೆ. ಅವಳು ತಿರುಗಿಸಿ ಮುರುಗಿಸಿ ನೋಡಿದಳು.

"ಹ್ವಾಯ್, ಇದ್ ಅಂಗ್ಡಿಯಿಂದ ತಂದದ್ದಾ?"

"ನಾನೇ ಮಾಡಿದ್ದ್ ಮಾರಾಯ್ತಿ."

"ಹೌದಾ? ಮತ್ತೆ ಪೆಟ್ಟ್ ಎಲ್ಲಿತ್ತ್?"

ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಉತ್ತರಕ್ಕೆ ಕಾಯದೆ ಸಾರಿಗೆ ಉಪ್ಪು ಹಾಕಲು ಹೋದಳು.

ಈಗ ಸುಧಾಕರನಿಗೆ ಪೆಟ್ಟಿಲ್ಲದ ಡಬ್ಬಿಗಳನ್ನೇ ಕಳಿಸುತ್ತೇನೆ. ಅವು ಅಲ್ಲಿ ಧೂಳು ತಿನ್ನುತ್ತಿವೆಯಂತೆ. ಮೊದಲ ಮಳೆಗೆ ಮುಚ್ಚಳ ನೀರುಗಾಳಿ ಕುಡಿದು ಉಬ್ಬಿ, ಒಂದು ಕಡೆ ಎದ್ದು ನಿಂತಿತು. ಗಿರಿಜೆ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಈಗ ಕಾಣಿ, ಕೈಯಂಗೆ ಮಾಡ್ದಂಗ್ ಇತ್ತ್."

ಒಮ್ಮೆ ಲೇತಿಗೆ ಹಾಕಿ ಅಂಚು ಕೆರೆದರೆ ಸರಿಹೋಗುತ್ತದೆ. ಹಾಕಿಲ್ಲ.